ಗೊಂಬೆ ಬೆನ್ನಿಗೆ ಕ್ಲಿಪ್ಪು

ದೇವರಾಜ ಅರಸು ರಸ್ತೆಯಲ್ಲಿ ಒಂದು ದೊಡ್ಡ ಬಟ್ಟೆ ಅಂಗಡಿ ಇದೆ. ಹೆಸರು ಬೇಡ ಬಿಡಿ. ಹೇಳದಿದ್ದರೂ ಮೈಸೂರಿನ ಹೆಂಗಸರಿಗೆ ಗೊತ್ತಾಗುತ್ತದೆ, ಹೇಳಿದರೆ ಅವರ ವಕೀಲರಿಗೂ ಗೊತ್ತಾಗುತ್ತದೆ. ಒಂದು ಕಾಲದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಮೊದಲ ಸಂಬಳ ಬಂದ ದಿನ ಸೀದಾ ಅಲ್ಲಿಗೇ ಹೋಗುತ್ತಿದ್ದರು. ತಮಗೊಂದು ಕುರ್ತಾ, ಅಮ್ಮನಿಗೊಂದು ಕುರ್ತಾ. ಅಮ್ಮ ಅದನ್ನು ಹಬ್ಬಕ್ಕೆ ಹಾಕಿ, ಆಮೇಲೆ ತರಕಾರಿ ತರೋಕೆ ಹಾಕಿ, ಆಮೇಲೆ ಮನೆಯಲ್ಲೇ ಹಾಕಿ, ಕೊನೆಗೆ ಹರಿದು ನೆಲ ಒರೆಸೋಕೆ ಇಟ್ಟುಕೊಂಡರೂ ಬಟ್ಟೆ ಗಟ್ಟಿಯಾಗೇ ಇರುತ್ತಿತ್ತು. ಈಗ ತಂದ ದಿನವೇ ನೆಲ ಒರೆಸೋಣ ಅಂದರೂ ಆಗಲ್ಲ. ಪಾಲಿಯೆಸ್ಟರ್ ನೀರು ಹೀರುವುದಿಲ್ಲ.

ಅಂಗಡಿ ಏನೂ ಬಡವಾಗಿಲ್ಲ. ದೀಪಗಳು ಜಾಸ್ತಿಯಾಗಿವೆ, ಸೆಂಟಿನ ವಾಸನೆ ಜಾಸ್ತಿಯಾಗಿದೆ, ಹಾಡಿನ ಸದ್ದಂತೂ ಕೇಳಲೇಬೇಡಿ. ಬಾಗಿಲಲ್ಲೇ ಗೊಂಬೆಗಳನ್ನು ನಿಲ್ಲಿಸಿದ್ದಾರೆ. ಗೊಂಬೆಗೆ ಹಾಕಿರುವ ಕುರ್ತಾ ಎಷ್ಟು ಚೆನ್ನಾಗಿ ಕೂತಿದೆ ಅಂದರೆ, ನೋಡಿದವರಿಗೆ ತಮ್ಮ ಮೈ ಮೇಲೇ ಬೇಜಾರಾಗಬೇಕು. ಬೇಜಾರು ಮಾಡಿಕೊಳ್ಳಬೇಡಿ. ಸುಮ್ನೆ ಒಂದು ಸುತ್ತು ಹಾಕಿ ಗೊಂಬೆಯ ಹಿಂದೆ ಹೋಗಿ ನೋಡಿ. ಕುತ್ತಿಗೆಯಿಂದ ಸೊಂಟದವರೆಗೆ ಸಾಲಾಗಿ ಕ್ಲಿಪ್ಪು. ಎರಡೂ ಕಡೆಯಿಂದ ಬಟ್ಟೆ ಎಳೆದು, ಮಡಿಸಿ, ಬೆನ್ನ ಹಿಂದೆ ಒಂದು ಗಂಟು ಮಾಡಿ ಹಿಡಿಸಿದ್ದಾರೆ. ಅಂದರೆ ಇವರ ಬಟ್ಟೆ ಇವರೇ ತರಿಸಿದ ಗೊಂಬೆಗೂ ಆಗುತ್ತಿಲ್ಲ! ಊಟ ಇಲ್ಲ, ಹೆರಿಗೆ ಇಲ್ಲ, ಥೈರಾಯ್ಡ್ ಇಲ್ಲ, ಸಂಜೆ ಹೊತ್ತಿಗೆ ಮಸಾಲೆ ದೋಸೆಯ ಆಸೆಯೂ ಇಲ್ಲ. ಅಂಥ ಗೊಂಬೆಗೇ ಆಗದ ಬಟ್ಟೆ ಸರಸ್ವತಿಪುರಂನಲ್ಲಿರುವ ನನ್ನ ಅತ್ತಿಗೆಗೆ ಆಗಬೇಕು ಅಂತ ಇವರು ಹೇಗೆ ಅಂದುಕೊಂಡರೋ. ಬಟ್ಟೆ ಜೊತೆ ಕ್ಲಿಪ್ಪನ್ನಾದರೂ ಕೊಡಿ ಅಂತ ಕೇಳಿದೆ. ಅದು ಮಾರಾಟಕ್ಕಿಲ್ಲವಂತೆ. ಇಡೀ ಮಹಡಿಯಲ್ಲಿ ಕೆಲಸಕ್ಕೆ ಬರುವ ವಸ್ತು ಅದೊಂದೇ, ಅದನ್ನೂ ಕೊಡಲ್ಲ.

ಸೈಜಿನ ಕಥೆ ಕೇಳಿ. ಒಂದೇ ಸಾಲಿನಲ್ಲಿ ತೂಗುಹಾಕಿದ ಎರಡು ಎಲ್ ಸೈಜ್ ಕುರ್ತಾಗಳನ್ನು ತೆಗೆದು ಒಂದರ ಮೇಲೊಂದು ಹರಡಿ ನೋಡಿ. ಎದೆ ಅಳತೆಯಲ್ಲಿ ಮೂರು ಬೆರಳು ವ್ಯತ್ಯಾಸ. ಕೇಳಿದರೆ ಹುಡುಗಿ ಹೇಳುತ್ತಾಳೆ, 'ಅದು ರೆಗ್ಯುಲರ್ ಫಿಟ್, ಇದು ಸ್ಲಿಮ್ ಫಿಟ್ ಮೇಡಂ.' ಹಾಗಾದರೆ ಇದರ ಎಕ್ಸ್ಎಲ್ ಕೊಡಮ್ಮ ಅಂದರೆ, 'ಎಕ್ಸ್ಎಲ್ ಸ್ಟಾಕ್ ಇಲ್ಲ, ಆನ್‌ಲೈನ್‌ನಲ್ಲಿ ಸಿಗುತ್ತೆ.' ಅಲ್ಲ, ಆನ್‌ಲೈನ್‌ನಲ್ಲಿ ತಗೊಳ್ಳೋ ಹಾಗಿದ್ದರೆ ಮನೆಯಲ್ಲೇ ಕಾಫಿ ಕುಡಿಯುತ್ತಾ ತಗೊಳ್ಳುತ್ತಿದ್ದೆ. ಅರಸು ರಸ್ತೆಯಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಹುಡುಕಿ ಪ್ರಾಣ ಬಿಡಬೇಕಿತ್ತಾ? ಆ ಹುಡುಗಿಯ ಮೇಲೆ ನನಗೆ ಕೋಪ ಇಲ್ಲ. ಪಾಪ, ದಿನವಿಡೀ ನಿಂತೇ ಇರುತ್ತಾಳೆ, ಅವಳಿಗೆ ಕೊಟ್ಟ ಯೂನಿಫಾರ್ಮೂ ಅವಳಿಗೆ ಬಿಗಿ.

ಬಿಗಿ ಇದ್ದರೇನಂತೆ, ಸೈಡ್ ಬಿಚ್ಚಿಸಿಕೊಂಡರಾಯಿತು ಅಂದುಕೊಂಡಿರಾ? ನಮ್ಮ ಟೈಲರ್‌ಗಳಿಗೆ ಒಂದು ಧರ್ಮ ಇದೆ. ಗೌರಿ ಹಬ್ಬಕ್ಕೆ ಕೊಡುತ್ತೇನೆ ಅಂದ ರವಿಕೆಯನ್ನು ವಿಜಯದಶಮಿಗೆ ಕೊಟ್ಟರೂ, ಎರಡೂ ಪಕ್ಕದಲ್ಲಿ ಒಂದೊಂದು ಇಂಚು ಬಟ್ಟೆ ಒಳಗೆ ಬಿಟ್ಟೇ ಹೊಲಿಯುತ್ತಾರೆ. 'ಒಳಗೆ ಬಿಟ್ಟಿದ್ದೀನಿ ಮೇಡಂ, ಮುಂದೆ ಬೇಕಾಗುತ್ತೆ' ಅನ್ನುತ್ತಾರೆ. ಮುಂದೆ ಬೇಕಾಗುತ್ತದೆ ಅನ್ನೋದು ಅವರಿಗೆ ಹೇಗೆ ಗೊತ್ತು ಅಂತ ನಾವು ಕೇಳುವುದಿಲ್ಲ. ಈ ಅಂಗಡಿಯ ಕುರ್ತಾ ಒಳಮಗ್ಗುಲು ತಿರುಗಿಸಿ ನೋಡಿ. ಹೊಲಿಗೆ ಪಕ್ಕದಲ್ಲೇ ಕತ್ತರಿಸಿ ಓವರ್‌ಲಾಕ್ ಹೊಡೆದಿದ್ದಾರೆ. ಕಾಲಿಂಚೂ ಇಲ್ಲ. ಒಂದು ಕುರ್ತಾದಲ್ಲಿ ಕಾಲಿಂಚು ಉಳಿಸಿದರೆ ಏನು ಮಹಾ ಅನ್ನಿಸಬಹುದು. ಲಕ್ಷ ಕುರ್ತಾ ಹೊಲಿಯುವವರಿಗೆ ಅದೇ ಲಾಭ. ಅವರ ಬ್ಯಾಲೆನ್ಸ್ ಶೀಟ್ ಅಗಲ ಆಗಲಿ ಅಂತ ನಾವು ಉಸಿರು ಬಿಗಿ ಹಿಡಿದು ಓಡಾಡಬೇಕು.

ಇನ್ನು ಜೇಬು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ಕಾಸಿಲ್ಲ. ಆಧಾರ್ ತೋರಿಸಿದರೆ ಸಾಕು. ಇಡೀ ರಾಜ್ಯದ ಹೆಂಗಸರಿಗೆ ಒಂದು ಕಾರ್ಡು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳುವ ಅಗತ್ಯ ಬಂತು ಅಂದ ಮೇಲೆ, ಬಟ್ಟೆ ಮಾಡುವವರಿಗೆ ಒಂದು ಯೋಚನೆ ಬರಬೇಕಲ್ವಾ? ಬಂತು. ಜೇಬಿನ ಬಾಯಿ ಹೊಲಿದರು. ಬಾಯಿ ಮಾತ್ರ. ಕೈ ಹಾಕಿದರೆ ಒಳಗೆ ಚೀಲವೇ ಇಲ್ಲ, ಉಗುರು ಸಿಕ್ಕಿಕೊಳ್ಳುತ್ತದೆ ಅಷ್ಟೇ. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ, ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಕೊತ್ತಂಬರಿ ಸೊಪ್ಪು, ಆಧಾರ್ ಕಾರ್ಡು ಹಲ್ಲಲ್ಲಿ ಕಚ್ಚಿಕೊಂಡು ಹತ್ತುವ ಹೆಂಗಸರು. ಕಂಡಕ್ಟರು 'ಕಾರ್ಡ್ ತೋರ್ಸಿ' ಅಂದರೆ ಬಾಯಿ ತೆರೆಯುವ ಹಾಗೂ ಇಲ್ಲ. ಅದೇ ಅಂಗಡಿಯ ನೆಲಮಹಡಿಯಲ್ಲಿ ಗಂಡಸರ ಪ್ಯಾಂಟಿಗೆ ಆರು ಜೇಬು. ನಮ್ಮ ಮನೆಯವರು ಆರರಲ್ಲಿ ಐದನ್ನು ಹಳೇ ಬಿಲ್ಲು ಸಂಗ್ರಹಿಸೋಕೆ ಬಳಸುತ್ತಾರೆ.

ಬಟ್ಟೆ ಯಾವುದು ಅನ್ನೋದೇ ದೊಡ್ಡ ಪತ್ತೇದಾರಿ. ತೂಗುಹಾಕಿದ ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ 'ಕಾಟನ್ ಫೀಲ್' ಅಂತಿರುತ್ತದೆ. ಅನುಭವ ಕಾಟನ್ನಿನದು, ಬಟ್ಟೆ ಬೇರೆಯದು. ಒಳಗೆ ಪಕ್ಕೆಯ ಹೊಲಿಗೆಯಲ್ಲಿ ಒಂದು ಪುಟ್ಟ ಬಿಳಿ ಪಟ್ಟಿ ಇರುತ್ತದೆ ನೋಡಿ, ಹಾಕಿಕೊಂಡರೆ ಚುಚ್ಚುತ್ತದಲ್ಲ, ಅದು. ಕನ್ನಡಕ ಹಾಕಿ ಓದಿದರೆ ನಿಜ ಹೊರಬೀಳುತ್ತದೆ. ಪಾಲಿಯೆಸ್ಟರ್. ನೀರಿನ ಬಾಟಲಿ ಆಗುವುದೂ ಅದೇ ಪ್ಲಾಸ್ಟಿಕ್ಕಿನಿಂದ. ಇಲ್ಲದಿದ್ದರೆ ವಿಸ್ಕೋಸ್ ರೇಯಾನ್, ಅಂದರೆ ಮರದ ತಿರುಳಿನಿಂದ ತೆಗೆದ ನೂಲು. ರೇಯಾನ್ ಬಗ್ಗೆ ನನಗೆ ತಕರಾರಿಲ್ಲ, ಮೆತ್ತಗಿರುತ್ತದೆ, ಗಾಳಿಯೂ ಆಡುತ್ತದೆ. ಆದರೆ ಒದ್ದೆಯಾದರೆ ಅದರ ಬಲ ಕುಗ್ಗುತ್ತದೆ, ಒಗೆದರೆ ಉದ್ದವೂ ಕುಗ್ಗುತ್ತದೆ. ಮೊದಲ ಸಲ ಒಗೆದು ಹಿಂಡಿದ ಮೇಲೆ ಮೊಣಕಾಲಿನ ಕೆಳಗಿದ್ದ ಕುರ್ತಾ ಮೊಣಕಾಲಿನ ಮೇಲೆ ಬಂದಿತ್ತು. ಅದಕ್ಕೇ ಇರಬೇಕು, ಅವರು ಅದನ್ನು ಕುರ್ತಾ ಅಂತಲೂ ಮಾರುತ್ತಾರೆ, ಪಕ್ಕದ ಸಾಲಿನಲ್ಲಿ ಟಾಪ್ ಅಂತಲೂ ಮಾರುತ್ತಾರೆ.

ಅಂಗಡಿ ಬೋರ್ಡಿನಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಆಯಿತು. ಒಳ್ಳೆಯದೇ. ಇವರೂ ಬೋರ್ಡು ಬದಲಾಯಿಸಿದರು. ಅದೇ ಬಿಸಿಯಲ್ಲಿ ಕುರ್ತಾದಲ್ಲಿ ಶೇಕಡ 60ರಷ್ಟು ಹತ್ತಿ ಇರಬೇಕು ಅಂತಲೂ ಒಂದು ಸಾಲು ಸೇರಿಸಿದ್ದರೆ ಎಷ್ಟೋ ಜನರ ಬೆನ್ನು ಬದುಕುತ್ತಿತ್ತು. ಮೈಸೂರಿನ ಏಪ್ರಿಲ್ ಈಗ ಹಳೆಯ ಏಪ್ರಿಲ್ ಅಲ್ಲ ಸ್ವಾಮಿ. ಅಂಗಡಿಯೊಳಗೆ ಎಸಿ ಹಾಕಿರುತ್ತಾರೆ, ಹಾಗಾಗಿ ಟ್ರಯಲ್ ರೂಮಿನಲ್ಲಿ ಎಲ್ಲವೂ ತಂಪು. ಬಿಲ್ಲು ಮಾಡಿಸಿ ಹೊರಗೆ ಕಾಲಿಟ್ಟ ಮೇಲೆ ಗೊತ್ತಾಗುತ್ತದೆ, ಈ ಬಟ್ಟೆ ಮಾಡಿರುವುದು ಅಂಗಡಿಯೊಳಗೇ ಹಾಕಿಕೊಂಡು ಇರುವವರಿಗೆ ಅಂತ.

ತಮಾಷೆ ಏನಪ್ಪಾ ಅಂದರೆ, ಇದೆಲ್ಲ ನಡೆಯುತ್ತಿರುವುದು ಬಟ್ಟೆ ಅಂದರೆ ಏನು ಅಂತ ಗೊತ್ತಿರುವ ಊರಿನಲ್ಲಿ. ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆ 1912ರದ್ದು, ನಾಲ್ವಡಿಯವರ ಕಾಲದ್ದು. ಅಲ್ಲಿಂದ ಬರುವ ಮೈಸೂರು ಸಿಲ್ಕ್ ಸೀರೆ ಒಂದೊಂದಕ್ಕೂ ಅದರದೇ ನಂಬರು ಇರುತ್ತದೆ. ಜರಿಯಲ್ಲಿ ಬೆಳ್ಳಿ ಎಷ್ಟು, ಚಿನ್ನ ಎಷ್ಟು ಅಂತ ಅಜ್ಜಿಯರೂ ಹೇಳುತ್ತಾರೆ. ಈ ಕಡೆ ನಂಜನಗೂಡು ತಾಲೂಕಿನ ಬದನವಾಳು, 1927ರಲ್ಲಿ ಗಾಂಧೀಜಿ ಬಂದು ನೋಡಿ ಹೋದ ಖಾದಿ ಕೇಂದ್ರ. ಬಸ್ಸಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು. ಇಂಥ ಊರಿನ ನಡುವೆ ಕೂತು ಇವರು ಪಾಲಿಯೆಸ್ಟರ್ ಮೇಲೆ ಮಗ್ಗದ ಗೆರೆಗಳನ್ನು ಪ್ರಿಂಟ್ ಹೊಡೆದು 'ಹ್ಯಾಂಡ್‌ಲೂಮ್ ಇನ್‌ಸ್ಪೈರ್ಡ್' ಅಂತ ಮಾರುತ್ತಾರೆ. ಧೈರ್ಯಕ್ಕೆ ಮೆಚ್ಚಬೇಕು.

ಹೋದ ಆಷಾಢದಲ್ಲಿ ಮಂಡ್ಯದಿಂದ ನಮ್ಮ ದೊಡ್ಡಮ್ಮ ಬಂದಿದ್ದರು. ಮೊಮ್ಮಗಳ ಕಾಲೇಜಿಗೆ ಬಟ್ಟೆ ಬೇಕಿತ್ತು, ಶುಕ್ರವಾರ ಬೆಟ್ಟಕ್ಕೂ ಹೋಗಿ ಬಂದ ಹಾಗಾಯಿತು ಅಂತ. ಬಿಳೀ ಕುರ್ತಾವೊಂದನ್ನು ಎತ್ತಿ, ಅದರ ಹಿಂದೆ ಕೈಯಿಟ್ಟು, ದೀಪಕ್ಕೆ ಹಿಡಿದರು. ಕೈಯ ಬಳೆ, ಬಳೆಯ ಮೇಲಿನ ಗೀರು, ಎಲ್ಲ ಕಾಣುತ್ತಿತ್ತು. 'ಅವ್ವಾ, ಇದೇನು ಬಟ್ಟೆಯಾ ಸೊಳ್ಳೆಪರದೆಯಾ?' ಅಂತ ಇಡೀ ಮಹಡಿಗೆ ಕೇಳುವ ಹಾಗೆ ಕೇಳಿದರು. ಹುಡುಗಿ ಗಾಬರಿಯಾಗದೆ, 'ಒಳಗೆ ಸ್ಲಿಪ್ ಹಾಕ್ಕೋಬೇಕು ಅಜ್ಜಿ, ಅದು ಪಕ್ಕದಲ್ಲೇ ಇದೆ, 499' ಅಂದಳು. ದುಪಟ್ಟಾ ಬೇರೆ, ಪ್ಯಾಂಟ್ ಬೇರೆ, ಮೈ ಮುಚ್ಚುವುದು ಬೇರೆ. ಒಂದೊಂದಕ್ಕೂ ಒಂದೊಂದು ಬಿಲ್ಲು. ದೊಡ್ಡಮ್ಮ ಲೆಕ್ಕ ಹಾಕಿ, ಇಷ್ಟು ದುಡ್ಡಿಗೆ ಮೂರು ಸೀರೆ ಬರುತ್ತಿತ್ತು, ಸೀರೆಗೆ ಸೈಜೂ ಇಲ್ಲ, ಸ್ಟಾಕ್ ಇಲ್ಲ ಅನ್ನೋ ಮಾತೂ ಇಲ್ಲ ಅಂದರು.

ಆಷಾಢದ ಸೇಲ್ ಅಂದರೆ ಮೊದಲು ಒಂದು ಅರ್ಥ ಇತ್ತು. ಮದುವೆ ಮುಂಜಿ ಇಲ್ಲದ ತಿಂಗಳು, ವ್ಯಾಪಾರ ಇಲ್ಲ, ಉಳಿದ ಸ್ಟಾಕ್ ಖಾಲಿ ಮಾಡೋಣ ಅಂತ ಒಳ್ಳೆ ಬಟ್ಟೆಯನ್ನೇ ಕಡಿಮೆಗೆ ಕೊಡುತ್ತಿದ್ದರು. ಈಗ ಸೇಲಿಗೆ ಅಂತಲೇ ಬಟ್ಟೆ ಬರುತ್ತದೆ. ಹುಟ್ಟಿದ್ದೇ ಅರ್ಧ ಬೆಲೆಯಲ್ಲಿ. ಬೆಲೆ ಚೀಟಿಯ ಮೂಲೆಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ನೋಡಿದರೆ ಕೆಳಗೆ ಇನ್ನೊಂದು ಚೀಟಿ. ಅದರಲ್ಲಿ ಈಗಿನ 'ಅರ್ಧ ಬೆಲೆ'ಗಿಂತ ನೂರು ರೂಪಾಯಿ ಕಡಿಮೆ ಇರುತ್ತದೆ! 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇಕಡ 5 ಮಾತ್ರ. ಅದಕ್ಕೆ ಮೊದಲು ಸಾವಿರ ದಾಟಿದರೆ 12 ಇತ್ತು. ತೆರಿಗೆ ಇಳಿದ ಸುದ್ದಿ ಅರಸು ರಸ್ತೆಗೆ ತಲುಪಿದ ಹಾಗಿಲ್ಲ. ಆದರೆ 2500 ದಾಟಿದರೆ ಶೇಕಡ 18 ಅನ್ನುವ ಸುದ್ದಿ ಮಾತ್ರ ಅದೇ ದಿನ ತಲುಪಿತು, ಅಲ್ಲಿಂದೀಚೆಗೆ ನೋಡಿದ್ದಕ್ಕೆಲ್ಲ 2499.

ಟ್ರಯಲ್ ರೂಮಿಗೆ ಮೂರು ಬಟ್ಟೆಗಿಂತ ಜಾಸ್ತಿ ಬಿಡುವುದಿಲ್ಲ. ಬಾಗಿಲಿಗೆ ಚಿಲಕ ಇದ್ದರೆ ಮೊಳೆ ಇಲ್ಲ, ಮೊಳೆ ಇದ್ದರೆ ಚಿಲಕ ಇಲ್ಲ. ಇದನ್ನು ಜಾಸ್ತಿ ಬೆಳೆಸುವುದು ಬೇಡ.

ಬಿಲ್ಲಿನ ಹತ್ತಿರ ಫೋನ್ ನಂಬರ್ ಕೇಳುತ್ತಾರೆ. ಕೊಡಲ್ಲ ಅಂದರೆ ಕಂಪ್ಯೂಟರ್ ಮುಂದೆ ಹೋಗಲ್ಲವಂತೆ. ಕೊಟ್ಟರೆ ಮುಂದಿನ ಮಂಗಳವಾರದಿಂದ ಮೆಸೇಜು, 'ಸ್ಟೈಲಿಶ್ ಆಗಿರಿ' ಅಂತ. ಚೀಲಕ್ಕೆ ಬೇರೆ ದುಡ್ಡು, ಅದರ ಮೇಲೆ ಅವರದೇ ಜಾಹೀರಾತು. 2019ರಲ್ಲಿ ಚಂಡೀಗಢದ ಗ್ರಾಹಕ ವೇದಿಕೆ, ಚೀಲಕ್ಕೆ 3 ರೂಪಾಯಿ ವಸೂಲಿ ಮಾಡಿದ ಚಪ್ಪಲಿ ಕಂಪನಿಯೊಂದಕ್ಕೆ 9000 ರೂಪಾಯಿ ಕಟ್ಟು ಅಂದಿತ್ತು. ಇದನ್ನು ಕೌಂಟರಿನ ಹುಡುಗನಿಗೆ ಹೇಳಿದೆ. ಅವನು ಬಹಳ ಆಸಕ್ತಿಯಿಂದ ಕೇಳಿ, 'ಚೀಲ ಚಿಕ್ಕದು ಕೊಡ್ಲಾ, ದೊಡ್ಡದು ಕೊಡ್ಲಾ ಮೇಡಂ' ಅಂದ.

ಹಾಗಂತ ನಾವು ಆ ಅಂಗಡಿಗೆ ಹೋಗುವುದನ್ನು ಬಿಟ್ಟಿಲ್ಲ. ಕಾರಣ ಇದೆ. ಹೆಂಗಸರ ವಿಭಾಗ ದಾಟಿ, ಮೆಟ್ಟಿಲ ಪಕ್ಕ, ಹಿಂದಿನ ಮೂಲೆಯಲ್ಲಿ ಬೆಡ್‌ಶೀಟ್ ಇಟ್ಟಿದ್ದಾರೆ. ಪೂರ್ತಿ ಹತ್ತಿ. ಪಟ್ಟಿಯಲ್ಲಿ ಬೇರೇನೂ ಬರೆದಿಲ್ಲ, ಅಷ್ಟೇ ಬರೆದಿದೆ. ಒಳ್ಳೇ ಇಂಡಿಗೋ ಪ್ರಿಂಟು, ದೀಪಕ್ಕೆ ಹಿಡಿದರೆ ಕೈ ಕಾಣುವುದಿಲ್ಲ, ಒಗೆದರೆ ಮೆತ್ತಗಾಗುತ್ತದೆ. ಇದನ್ನು ಮೊದಲು ಕಂಡುಹಿಡಿದವರು ಯಾರೋ ಗೊತ್ತಿಲ್ಲ, ಈಗಂತೂ ಕುವೆಂಪುನಗರದಿಂದ ಸಿದ್ಧಾರ್ಥನಗರದವರೆಗೆ ಸುದ್ದಿ ಹರಡಿದೆ. ಡಬಲ್ ಬೆಡ್‌ಶೀಟ್ ಒಂದು ತಂದು ಶಿವರಾಂಪೇಟೆ ಕಡೆಯ ಟೈಲರ್ ಕೈಗೆ ಕೊಟ್ಟರೆ ಎರಡು ಕುರ್ತಾ ಆಗುತ್ತದೆ. ಎರಡು ಪಕ್ಕಕ್ಕೂ ಜೇಬು, ಚೀಲ ಇರುವ ಜೇಬು. ಒಳಗೆ ಒಂದಿಂಚು ಬಿಟ್ಟಿರುತ್ತಾನೆ. ದಿಂಬಿನ ಕವರಿನಲ್ಲಿ ತೋಳು ತೆಗೆಯುತ್ತಾನೆ. ನಮ್ಮ ಬೀದಿಯಲ್ಲಿ ಒಂದೇ ಬೆಡ್‌ಶೀಟಿನಲ್ಲಿ ಅಕ್ಕತಂಗಿಯರು ಓಡಾಡುತ್ತಿದ್ದಾರೆ, ಯಾರೂ ಮಲಗಿಲ್ಲ.

ಕಂಪನಿಯ ಹೆಡ್ ಆಫೀಸು ಬೇರೆ ಊರಲ್ಲಿದೆ. ಅಲ್ಲಿ ಕೂತವರಿಗೆ ಲೆಕ್ಕ ಮಾತ್ರ ಹೋಗುತ್ತದೆ. ಮೈಸೂರಿನಲ್ಲಿ ಕುರ್ತಾ ಹೋಗುತ್ತಿಲ್ಲ, ಬೆಡ್‌ಶೀಟ್ ನಿಲ್ಲುತ್ತಿಲ್ಲ. ಪಿಂಚಣಿದಾರರ ಸ್ವರ್ಗ ಅಂತ ಮೊದಲೇ ಹೆಸರಿರುವ ಊರು. ಜನ ಬಟ್ಟೆ ಹಾಕಿ ಹೊರಗೆ ಓಡಾಡುವುದು ಕಮ್ಮಿ, ಮಲಗುವುದೇ ಜಾಸ್ತಿ ಅಂತ ಅವರಿಗೆ ಅನ್ನಿಸಿದ್ದರೆ ಆಶ್ಚರ್ಯ ಇಲ್ಲ. ಮೊನ್ನೆ ಹೋದಾಗ ಕುರ್ತಾದ ಎರಡು ಸಾಲು ಎತ್ತಿ ಅಲ್ಲೊಂದು ಮಂಚ ಹಾಕಿದ್ದರು. ಈ ದಸರಾ ಹೊತ್ತಿಗೆ ಅರ್ಧ ಮಹಡಿ ದಿಂಬು ಹಾಸಿಗೆಗೇ ಅಂತೆ, ಹೆಂಗಸರ ವಿಭಾಗ ಲಿಫ್ಟ್ ಪಕ್ಕಕ್ಕೆ ಅಂತೆ.