ಭಾನುವಾರ ಹನ್ನೆರಡೂಕಾಲಿಗೆ ಆ ಅಡುಗೆಮನೆ ಹೇಗಿರುತ್ತೆ?

ವಾರಾಂತ್ಯ ಬಂತೆಂದರೆ ಫೋನಿನಲ್ಲಿ ‘ಅತ್ಯುತ್ತಮ ಬ್ರಂಚ್’ (ತಿಂಡಿ, ಊಟ ಎರಡೂ ಒಂದಾದ ತಡಬೆಳಗಿನ ಊಟ) ಅಂತ ಹುಡುಕಿ, ಮೊದಲು ಕಂಡ ಪಟ್ಟಿಯನ್ನೇ ನಂಬಿ ಹೊರಡುವವರಿಗೆ ಒಂದು ಮಾತು. ಆ ಪಟ್ಟಿಯಲ್ಲಿ ಮಿಂಚುವ ತಟ್ಟೆಗಳ ಫೋಟೊ ಬಹುಪಾಲು ಜನ ಇಲ್ಲದ ಹೊತ್ತಿನಲ್ಲಿ ತೆಗೆದದ್ದು. ಒಬ್ಬ ಬಾಣಸಿಗ, ಒಂದು ತಟ್ಟೆ, ಬೇಕಾದಷ್ಟು ಪುರಸೊತ್ತು. ನೀವು ಹೋಗುವುದು ಭಾನುವಾರ ಹನ್ನೆರಡೂಕಾಲಿಗೆ. ಆಗ ಅದೇ ಒಲೆಯ ಮುಂದೆ ಮೂವತ್ತು ಆರ್ಡರ್ ಚೀಟಿ ನೇತಾಡುತ್ತಿರುತ್ತವೆ. ಬ್ರಂಚ್‌ಗೆ ಅಂಕ ಕೊಡಬೇಕಾದದ್ದು ಆ ಹೊತ್ತಿನ ತಟ್ಟೆ ನೋಡಿ.

ಈ ನೂಕುನುಗ್ಗಲು ಬ್ರಂಚ್‌ನ ಹುಟ್ಟುಗುಣ. 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಬರಹಗಾರ ತಿಂಡಿ, ಊಟ ಎರಡನ್ನೂ ಸೇರಿಸಿ ಈ ಹೆಸರಲ್ಲಿ ಲೇಖನ ಬರೆದದ್ದೇ ಶನಿವಾರ ರಾತ್ರಿ ತಡವಾಗಿ ಮಲಗುವವರ ಪರವಾಗಿ: ಭಾನುವಾರ ಬೇಗ ಏಳುವ ಕಾಟ ಬೇಡ, ಮಧ್ಯಾಹ್ನದ ಹೊತ್ತಿಗೆ ಹಗುರಾಗಿ ಶುರುಮಾಡೋಣ ಅಂತ. ತಡವಾಗಿ ಏಳುವವರೆಲ್ಲ ಹೊರಡುವುದೂ ಒಂದೇ ಹೊತ್ತಿಗೆ. ರಾತ್ರಿ ಊಟಕ್ಕೆ ಬರುವವರು ಮೂರು ನಾಲ್ಕು ಗಂಟೆಯ ಉದ್ದಕ್ಕೆ ಹಂಚಿಹೋಗುತ್ತಾರೆ, ಬ್ರಂಚ್‌ನವರು ಒಂದೂವರೆ ಗಂಟೆಯೊಳಗೆ ಬಂದು ಬೀಳುತ್ತಾರೆ. ಬಂದವರೆಲ್ಲ ಕೇಳುವುದು, ತಟ್ಟೆಯಲ್ಲಿ ಐದು ನಿಮಿಷ ಕಾಯಲೂ ಒಪ್ಪದ ಪದಾರ್ಥವನ್ನು. ಅಂದರೆ ಮೊಟ್ಟೆಯನ್ನು.

ಅಡುಗೆಮನೆಯ ಯೋಗ್ಯತೆ ಅಳೆಯಲು ಮೊಟ್ಟೆಗಿಂತ ಒಳ್ಳೆಯ ಅಳತೆಗೋಲು ಇಲ್ಲ. ಅದರ ಬಿಳಿ ಭಾಗ ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಟ್ಟಿಕೊಳ್ಳಲು ಶುರುವಾಗುತ್ತದೆ. ಹಳದಿ 65ರ ಆಸುಪಾಸಿನಲ್ಲಿ ಮಂದವಾಗಿ, 70 ದಾಟುವ ಹೊತ್ತಿಗೆ ಗಟ್ಟಿ. ಇಡೀ ಆಟ ಈ ಎಂಟು ಹತ್ತು ಡಿಗ್ರಿಯೊಳಗೆ ಮುಗಿಯಬೇಕು. ಒಡೆದು ನೀರಲ್ಲಿ ಬೇಯಿಸುವ ಪೋಚ್ಡ್ ಮೊಟ್ಟೆಗೆ ನೀರು ಕುದಿಯಬಾರದು, 80ರಿಂದ 85 ಡಿಗ್ರಿಯಲ್ಲಿ ಸುಮ್ಮನೆ ನಡುಗುತ್ತಿರಬೇಕು. ಲೀಟರಿಗೆ ಒಂದು ದೊಡ್ಡ ಚಮಚ ವಿನೆಗರ್, ಮೂರರಿಂದ ನಾಲ್ಕು ನಿಮಿಷ. ಮೊಟ್ಟೆ ಹಳೆಯದಾದಷ್ಟೂ ಬಿಳಿ ಭಾಗ ನೀರಾಗಿ, ಪಾತ್ರೆಯಲ್ಲಿ ಚಿಂದಿಚಿಂದಿಯಾಗಿ ಹರಡುತ್ತದೆ. ಅದಕ್ಕೇ ಅಚ್ಚುಕಟ್ಟಾದ ಕಡೆ ಮೊಟ್ಟೆಯನ್ನು ಮೊದಲು ಜರಡಿಗೆ ಒಡೆದು, ತೆಳು ಭಾಗ ಸೋಸಿಹೋದ ಮೇಲೆ ನೀರಿಗೆ ಜಾರಿಸುತ್ತಾರೆ.

ನೂರು ಮೊಟ್ಟೆ ಬೇಕಾದ ಭಾನುವಾರ ಒಂದೊಂದನ್ನೇ ಹೊಸದಾಗಿ ಹೀಗೆ ಬೇಯಿಸುತ್ತಾರೆ ಅಂದುಕೊಳ್ಳಬೇಡಿ. ಬೆಳಿಗ್ಗೆಯೇ ತುಸು ಹಸಿಯಾಗಿ ಬೇಯಿಸಿ, ಐಸ್ ನೀರಿಗೆ ಹಾಕಿ ತಣಿಸಿ, ಫ್ರಿಜ್‌ನಲ್ಲಿಟ್ಟು, ಆರ್ಡರ್ ಬಂದಾಗ ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ ಕೊಡುತ್ತಾರೆ. ಇದು ಮೋಸ ಅಲ್ಲ. ಸರಿಯಾಗಿ ಮಾಡಿದರೆ ತಿನ್ನುವವರಿಗೆ ಗೊತ್ತೂ ಆಗುವುದಿಲ್ಲ. ಎಡವುವುದು ಕೊನೆಯ ಆ ಒಂದು ನಿಮಿಷದಲ್ಲಿ. ಅವಸರದಲ್ಲಿ ಮೇಲೆತ್ತಿದರೆ ಹೊರಗೆ ಬೆಚ್ಚಗೆ, ಹಳದಿ ತಣ್ಣಗೆ. ಮರೆತುಬಿಟ್ಟರೆ ಹಳದಿ ಗಟ್ಟಿ. ನೀರು ಬಸಿಯದೆ ಇಟ್ಟರೆ ಕೆಳಗಿನ ಬ್ರೆಡ್ ತೊಪ್ಪೆ. ಚಾಕು ಇಟ್ಟ ಕೂಡಲೇ ನೋಡಿ: ಹಳದಿ ಜೇನಿನಂತೆ ನಿಧಾನಕ್ಕೆ ಇಳಿಯಬೇಕು, ತಟ್ಟೆಯ ತಳದಲ್ಲಿ ನೀರು ನಿಂತಿರಬಾರದು. ಈ ಎರಡೂ ಸರಿಯಿದ್ದರೆ ಒಳಗೆ ಗಮನ ಇಟ್ಟು ಕೆಲಸ ಮಾಡುವ ಒಬ್ಬರಾದರೂ ಇದ್ದಾರೆ ಅಂತ ಅರ್ಥ.

ಬ್ರೆಡ್ಡಿನ ಮೇಲೆ ಪೋಚ್ಡ್ ಮೊಟ್ಟೆ ಕೂರಿಸಿದ ಎಗ್ಸ್ ಬೆನೆಡಿಕ್ಟ್ ಮೇಲೆ ಸುರಿಯುವ ಹಾಲಂಡೈಸ್ ಸಾಸ್ ಇನ್ನೂ ನಾಜೂಕು. ಮೂರು ಹಳದಿಗೆ ಸುಮಾರು 225 ಗ್ರಾಂ ಕರಗಿಸಿದ ಬೆಣ್ಣೆ, ನಿಂಬೆರಸ, ಉಪ್ಪು, ಅಷ್ಟೇ. ಕಾವು ಹೆಚ್ಚಾದರೆ ಹಳದಿ ಬೆಂದು ಕಾಳುಕಾಳಾಗುತ್ತದೆ, ಕಡಿಮೆಯಾದರೆ ಬೆಣ್ಣೆ ಹೆಪ್ಪುಗಟ್ಟಿ ಸಾಸ್ ಒಡೆಯುತ್ತದೆ. ಹಾಗಾಗಿ ಅದನ್ನು ಉಗುರುಬೆಚ್ಚಗಿಗಿಂತ ತುಸು ಮೇಲೆ ಇಟ್ಟುಕೊಂಡಿರಬೇಕು, ಕೀಟಾಣುಗಳಿಗೂ ಇಷ್ಟವಾಗುವ ಕಾವೇ ಅದು. ಆದ್ದರಿಂದ ಸ್ವಲ್ಪ ಸ್ವಲ್ಪವೇ ಮಾಡಬೇಕು, ಎರಡು ಗಂಟೆ ದಾಟಿದ್ದನ್ನು ಚೆಲ್ಲಬೇಕು. ಮೇಲೆ ಕೆನೆಗಟ್ಟಿದೆಯೇ, ಅಂಚಿನಲ್ಲಿ ಎಣ್ಣೆಯ ಗೆರೆ ಬಿಟ್ಟಿದೆಯೇ ನೋಡಿ. ಗಂಜಿಯಂತೆ ಅಂಟಂಟಾಗಿ ಚಮಚಕ್ಕೆ ಕಚ್ಚಿಕೊಂಡರೆ ಅದು ಪೊಟ್ಟಣದ ಪುಡಿಯ ಸಾಸ್ ಇರಬಹುದು. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಅವರಿಗೆ ಈ ಸಾಸ್ ಮತ್ತು ಹಳದಿ ಹರಿಯುವ ಮೊಟ್ಟೆ ಎರಡೂ ಬೇಡ. ಪಾಶ್ಚರೀಕರಿಸಿದ (ಕೀಟಾಣು ಸಾಯುವಷ್ಟು ಹದವಾಗಿ ಕಾಯಿಸಿದ) ಮೊಟ್ಟೆ ಬಳಸುತ್ತಾರೆ ಅಂತ ಖಚಿತವಾಗಿ ಹೇಳಿದರೆ ಮಾತು ಬೇರೆ.

ಬರೀ ಮೊಟ್ಟೆಯ ತಿನಿಸು ಇಷ್ಟವಿಲ್ಲದವರು ಪ್ಯಾನ್‌ಕೇಕ್ ನೋಡಿ ಅಳೆಯಬಹುದು. ಹಿಟ್ಟಿನ ಮಜ್ಜಿಗೆಗೆ ಅಡುಗೆ ಸೋಡಾ ಬಿದ್ದ ಕ್ಷಣದಿಂದ ಗುಳ್ಳೆ ಏಳಲು ಶುರು. ಒಂಬತ್ತಕ್ಕೆ ಕಲಸಿಟ್ಟ ಹಿಟ್ಟಿನಲ್ಲಿ ಹನ್ನೆರಡಕ್ಕೆ ಉಬ್ಬುವ ಕಸುವು ಉಳಿದಿರುವುದಿಲ್ಲ. ಎರಡು ಹಂತದಲ್ಲಿ ಕೆಲಸ ಮಾಡುವ ಬೇಕಿಂಗ್ ಪೌಡರ್ ಹಾಕಿದ್ದರೆ ಕಾವು ತಗುಲಿದಾಗ ಇನ್ನೊಮ್ಮೆ ಉಬ್ಬುತ್ತದೆ, ಆದರೂ ಹೊಸ ಹಿಟ್ಟಿನ ಹಗುರತನ ಬರಲಾರದು. ಚಪ್ಪಟೆಯಾಗಿ ಚರ್ಮದಂತೆ ಎಳೆದರೆ ಹಿಟ್ಟು ಹಳತು, ಇಲ್ಲವೇ ಗಂಟೇ ಇರಬಾರದೆಂದು ಮಿತಿಮೀರಿ ಕಲಸಿದ್ದಾರೆ. ಅಂಚು ಕಪ್ಪಾಗಿ ನಡುವೆ ಹಸಿ ಇದ್ದರೆ ಕಾವಲಿ ಅತಿಯಾಗಿ ಕಾದಿದೆ. 190 ಡಿಗ್ರಿ ಆಸುಪಾಸು ಸಾಕು. ಒಂದು ಕಡೆ ಎರಡು ಎರಡೂವರೆ ನಿಮಿಷ, ತಿರುವಿದ ಮೇಲೆ ಒಂದೂವರೆ ನಿಮಿಷ ಬೇಕಾದ ಪ್ಯಾನ್‌ಕೇಕ್ ಆರ್ಡರ್ ಮಾಡಿದ ಎರಡೇ ನಿಮಿಷಕ್ಕೆ ಮೇಜಿಗೆ ಬಂದರೆ ಖುಷಿಪಡಬೇಡಿ, ಅದು ನಿಮಗಿಂತ ಮೊದಲೇ ಬಂದು ಕೂತಿತ್ತು. ಮೊಟ್ಟೆ, ಹಾಲಿನಲ್ಲಿ ಅದ್ದಿದ ಬ್ರೆಡ್ಡನ್ನು ಕಾವಲಿಯಲ್ಲಿ ಬೇಯಿಸಿದ ಫ್ರೆಂಚ್ ಟೋಸ್ಟ್ ಆದರೆ ನಡುವೆ ಕತ್ತರಿಸಿ. ಹಸಿ ಮೊಟ್ಟೆಯ ಒದ್ದೆ ಗೆರೆ ಕಂಡರೆ ಹೊಸ ಮೆತ್ತನೆ ಬ್ರೆಡ್ ಬಳಸಿದ್ದಾರೆ, ಅಥವಾ ಜೋರು ಉರಿಯಲ್ಲಿ ಮೇಲ್ಮೈ ಮಾತ್ರ ಕೆಂಪಗೆ ಮಾಡಿದ್ದಾರೆ. ಒಂದು ದಿನ ಹಳತಾದ, ಎರಡೂವರೆ ಸೆಂಟಿಮೀಟರ್ ದಪ್ಪದ ತುಂಡೇ ಸರಿ.

ಕಾಫಿಯನ್ನು ಕೂತ ತಕ್ಷಣ ಹೇಳಿಬಿಡಿ. ಎಷ್ಟೇ ದೊಡ್ಡ ಜಾಗವಾದರೂ ಯಂತ್ರ ಒಂದೋ ಎರಡೋ. ಒಂದು ಡಬಲ್ ಎಸ್‌ಪ್ರೆಸೊಗೆ 18 ಗ್ರಾಂ ಪುಡಿ, 36 ಗ್ರಾಂ ಕಷಾಯ, 25ರಿಂದ 30 ಸೆಕೆಂಡ್ ಅನ್ನುವ ಲೆಕ್ಕವನ್ನು ಕಡಿತಗೊಳಿಸಲು ಬರುವುದಿಲ್ಲ. ಊಟದ ಜೊತೆ ಹೇಳಿದ ಕಾಫಿ ಊಟ ಮುಗಿದ ಮೇಲೆ ಬರುವುದು ಅದಕ್ಕೇ. ಹಾಲು 60–65 ಡಿಗ್ರಿಯಲ್ಲಿ ಸಿಹಿ. 70 ದಾಟಿದರೆ ಕಾಯಿಸಿದ ವಾಸನೆ. ದೊಡ್ಡ ಜಗ್ಗಿನ ಹಾಲನ್ನೇ ಮತ್ತೆ ಮತ್ತೆ ಹಬೆಗೆ ಹಿಡಿಯುವ ಕಡೆ ಮೂರನೇ ಕಪ್ಪಿನ ಹೊತ್ತಿಗೆ ಆ ವಾಸನೆ ಹೊಡೆಯುತ್ತದೆ.

ಬಫೆ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಬ್ರಂಚ್‌ನ ಮುಖ್ಯ ಪದಾರ್ಥಗಳೆಲ್ಲ ಮುಚ್ಚಳದ ಕೆಳಗೆ ಹಾಳಾಗುವಂಥವೇ. ಕರಿದದ್ದು ಹಬೆಗೆ ಮೆತ್ತಗಾಗುತ್ತದೆ, ಕದಡಿ ಬೇಯಿಸಿದ ಮೊಟ್ಟೆ ನೀರು ಬಿಟ್ಟು ಹಸಿರು ತಿರುಗುತ್ತದೆ (ಬಿಳಿ ಭಾಗದಲ್ಲಿರುವ ಗಂಧಕ, ಹಳದಿ ಭಾಗದಲ್ಲಿರುವ ಕಬ್ಬಿಣ ಸೇರಿ ಆಗುವ ಬಣ್ಣ ಅದು, ವಿಷವಲ್ಲ, ಹಳತು ಅನ್ನುವ ಗುರುತು). ಹೋಗಲೇಬೇಕಾದರೆ ಪುಟ್ಟ ಟ್ರೇಗಳನ್ನು ಪದೇಪದೇ ಬದಲಿಸುವ ಕಡೆ ಹೋಗಿ. ದೊಡ್ಡ ಟ್ರೇಗೆ ಮೇಲಿಂದ ಮೇಲೆ ಸುರಿಯುವ ಕಡೆ ತಳದ ಪದಾರ್ಥ ಎಷ್ಟು ಹೊತ್ತಿನದೋ ಹೇಳಲಾಗದು. ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲಿರಬೇಕು, ಹೊರಗಿನ ಕಾವಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಮುಚ್ಚಳ ತೆಗೆದಾಗ ಹಬೆಯೇ ಏಳದಿದ್ದರೆ ಮುಚ್ಚಿ ಮುಂದೆ ನಡೆಯಿರಿ. ಎದುರಲ್ಲೇ ಮೊಟ್ಟೆ ಮಾಡಿಕೊಡುವ ಒಲೆ ಇದ್ದರೆ ಹಣ್ಣಿನ ಹತ್ತಿರ ಸುಳಿಯದೆ ಮೊದಲು ಅಲ್ಲಿ ಸಾಲು ಹಿಡಿಯಿರಿ.

ಈಗ ಹುಡುಕುವ ಮಾತು. ವಿಮರ್ಶೆಗಳನ್ನು ಹೊಸದು ಮೊದಲು ಬರುವಂತೆ ಜೋಡಿಸಿ, ಭಾನುವಾರ, ಕಾಯುವಿಕೆ, ತಣ್ಣಗೆ ಅನ್ನುವ ಪದಗಳನ್ನು ಹಾಕಿ ಹುಡುಕಿ. ಐದು ನಕ್ಷತ್ರದ ಹೊಗಳಿಕೆ, ಒಂದು ನಕ್ಷತ್ರದ ಬೈಗುಳ ಎರಡನ್ನೂ ಬಿಟ್ಟು ಮೂರು ನಕ್ಷತ್ರದವನ್ನು ಓದಿ. ಏನು ಚೆನ್ನಾಗಿತ್ತು, ಏನು ಕೆಟ್ಟಿತ್ತು ಅಂತ ಬಿಡಿಸಿ ಬರೆಯುವವರು ಹೆಚ್ಚಾಗಿ ಅಲ್ಲೇ ಸಿಗುತ್ತಾರೆ. ಜಾಗದವರು ಹಾಕಿದ ಫೋಟೊ ಬಿಟ್ಟು ಗಿರಾಕಿಗಳು ತೆಗೆದ, ಅರ್ಧ ತಿಂದ ತಟ್ಟೆಯ ಮಬ್ಬು ಫೋಟೊ ನೋಡಿ. ಹಳದಿ ಹರಿದಿದೆಯೋ ಇಲ್ಲವೋ ಅದರಲ್ಲಿ ಕಾಣುತ್ತದೆ. ಗೋಡೆ ತುಂಬ ಹೂವು, ನಿಯಾನ್ ದೀಪ, ತೂಗುಯ್ಯಾಲೆಗಳದ್ದೇ ಫೋಟೊ ಇದ್ದು ಊಟದ್ದು ಎರಡೇ ಇದ್ದರೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಮೆನು ಹನ್ನೆರಡು ಹದಿನೈದು ಬಗೆಗೆ ಮುಗಿದರೆ ನನಗೆ ನಂಬಿಕೆ ಬರುತ್ತದೆ. ಐವತ್ತು ಬಗೆ ಇದ್ದರೆ ಅರ್ಧಕ್ಕರ್ಧ ಫ್ರೀಜರಿನಿಂದ ಎದ್ದು ಬಂದವು ಅಂದುಕೊಳ್ಳಿ.

ಫೋನ್ ಮಾಡಿ ಮೂರು ಕೇಳಿ: ಅಡುಗೆಮನೆ ಕೊನೆಯ ಆರ್ಡರ್ ತೆಗೆದುಕೊಳ್ಳುವುದು ಎಷ್ಟಕ್ಕೆ, ಮೊಟ್ಟೆಯನ್ನು ಹೇಳಿದ ಮೇಲೆ ಮಾಡುತ್ತಾರೋ, ಮೇಜು ಎಷ್ಟು ಹೊತ್ತಿನವರೆಗೆ ನಮ್ಮದು. ಬಾಗಿಲು ತೆರೆದ ಅರ್ಧ ಗಂಟೆಗೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಕಾವಲಿ ಹದಕ್ಕೆ ಬಂದಿರುತ್ತದೆ, ಸಾಸ್ ಹೊಸದು, ಚೀಟಿ ಇನ್ನೂ ನಾಲ್ಕೈದೇ. ಆದರೆ ಜಾಗವನ್ನು ಪರೀಕ್ಷೆ ಮಾಡಲೆಂದೇ ಹೊರಟಿದ್ದರೆ ಜನಜಂಗುಳಿಯ ಹೊತ್ತಿಗೇ ಹೋಗಿ. ನಾಲ್ಕು ಜನಕ್ಕಿಂತ ಹೆಚ್ಚು ಬೇಡ. ಆರು ಜನ ಆರು ಬಗೆಯ ಮೊಟ್ಟೆ ಹೇಳಿದರೆ, ಕೊನೆಯ ತಟ್ಟೆ ತಯಾರಾಗುವಷ್ಟರಲ್ಲಿ ಮೊದಲನೆಯದು ತಟ್ಟೆ ಬೆಚ್ಚಗಿಡುವ ದೀಪದ ಕೆಳಗೆ ಕೂತು ಒಣಗಿರುತ್ತದೆ. ಮೂರು ಜಾಗ ಹೋಲಿಸುವುದಿದ್ದರೆ ಮೂರರಲ್ಲೂ ಅದೇ ತಿನಿಸು, ಅದೇ ಕಾಫಿ ಹೇಳಿ. ಒಂದು ಕಡೆ ಬೆನೆಡಿಕ್ಟ್, ಇನ್ನೊಂದು ಕಡೆ ಪ್ಯಾನ್‌ಕೇಕ್ ತಿಂದು ಯಾವುದು ಮೇಲು ಅಂದರೆ ಆ ಮಾತಿಗೆ ಬೆಲೆ ಇಲ್ಲ.

ಹಳದಿ ತಣ್ಣಗಿದ್ದರೆ ಎರಡು ತುತ್ತಿಗೇ ಕರೆದು ಹೇಳಿ, ತಟ್ಟೆ ಖಾಲಿ ಮಾಡಿ ಮನೆಗೆ ಬಂದು ವಿಮರ್ಶೆ ಬರೆಯಬೇಡಿ. ಬೇಕಾದದ್ದು ಹೊಸದೊಂದು ಮೊಟ್ಟೆ, ನಾಲ್ಕು ನಿಮಿಷ. ಹನ್ನೆರಡೂಕಾಲಿನ ಆ ಗದ್ದಲದಲ್ಲೂ ವಾದ ಮಾಡದೆ ತಟ್ಟೆ ಒಯ್ದು, ಹೊಸ ಬ್ರೆಡ್ಡಿನ ಮೇಲೆ ಹೊಸ ಮೊಟ್ಟೆ ಇಟ್ಟು ತಂದುಕೊಟ್ಟರೆ ಆ ಜಾಗದ ಹೆಸರು ಬರೆದಿಟ್ಟುಕೊಳ್ಳಿ. ಅದೇ ತಟ್ಟೆಯನ್ನು ಮೈಕ್ರೊವೇವ್‌ನಲ್ಲಿ ತಿರುಗಿಸಿ ತಂದರೆ ಬಿಲ್ ತರಿಸಿಕೊಳ್ಳಿ.