ಮಂಗಳವಾರದ ಮೋನಾಲಿಸಾ

ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಮಂಗಳವಾರ ರಜೆಯೆಂಬ ಸಂಗತಿ ನನಗೆ ತಿಳಿದದ್ದು ನಿನ್ನೆ ರಾತ್ರಿ ಹತ್ತೂವರೆಗೆ. ಅಂದರೆ ವಿಮಾನದ ಟಿಕೆಟ್ಟು, ಹೋಟೆಲು, ವೀಸಾ ಎಲ್ಲವೂ ಆಗಿ, ಚಟ್ನಿಪುಡಿಯ ಡಬ್ಬಿಗೆ ಟೇಪು ಸುತ್ತುವ ಹಂತಕ್ಕೆ ಬಂದ ಮೇಲೆ. ನಮ್ಮ ಯೋಜನೆಯಲ್ಲಿ ಲೂವ್ರ್ ಇರುವುದು ಮಂಗಳವಾರವೇ. ಸಂಕಟದಿಂದ ಸೋಮವಾರದ ಕಡೆ ಕಣ್ಣು ಹಾಯಿಸಿದರೆ ಅಲ್ಲಿ ವರ್ಸೇಲ್ಸ್ ಅರಮನೆ ಕುಳಿತಿದೆ. ಅದಕ್ಕೆ ಸೋಮವಾರ ರಜೆ.

ಯೋಜನೆ ನಮ್ಮ ಭಾವನವರದು. ಅವರು ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಮೇಲಾಗಿ ಒಮ್ಮೆ ಸಿಂಗಪುರಕ್ಕೆ ಹೋಗಿ ಬಂದವರು. ಹಾಗಾಗಿ ನಾಲ್ವರ ಈ ಮೂರು ದಿನದ ಯಾತ್ರೆಗೆ ತಾವೇ ಅಧ್ಯಕ್ಷರಾಗಿದ್ದಾರೆ. ಅವರ ಎಕ್ಸೆಲ್ ಹಾಳೆಯಲ್ಲಿ ಮೋನಾಲಿಸಾಳಿಗೆ 11:20ರಿಂದ 11:32ರವರೆಗೆ ಹನ್ನೆರಡು ನಿಮಿಷ ಮಂಜೂರಾಗಿದೆ. 77 ಸೆಂಟಿಮೀಟರ್ ಎತ್ತರದ ಚಿತ್ರಕ್ಕೆ ತಲಾ ಮೂರು ನಿಮಿಷ ಧಾರಾಳವಾಯಿತೆಂಬುದು ಅವರ ಲೆಕ್ಕ. ಐಫೆಲ್ ಗೋಪುರದ ಎರಡನೆಯ ಅಂತಸ್ತಿಗೆ 674 ಮೆಟ್ಟಿಲು, ಇಪ್ಪತ್ತೈದು ನಿಮಿಷ. ಚಾಮುಂಡಿ ಬೆಟ್ಟ ಹತ್ತುವಾಗ ನಂದಿಯ ಬಳಿಯೇ ಕುಳಿತುಬಿಟ್ಟ ಅಕ್ಕನ ಮೊಣಕಾಲಿಗೆ ಪ್ರತ್ಯೇಕ ಕಾಲಮ್ಮು ಇಲ್ಲ. ಇಷ್ಟೆಲ್ಲ ಎಣಿಸಿದವರು ಬಾಗಿಲು ತೆರೆದಿರುತ್ತದೆಯೇ ಎಂಬುದೊಂದನ್ನು ನೋಡಿರಲಿಲ್ಲ.

ಎರಡು ದಿನಗಳನ್ನು ಅದಲುಬದಲು ಮಾಡಿದರೆ ತೊಂದರೆ ತೀರಿತಲ್ಲ ಎಂದುಕೊಂಡು ರಾತ್ರಿಯೇ ಫೋನು ಮಾಡಿದೆ. ಭಾವ ಬಹಳ ಹೊತ್ತು ಮೌನವಾಗಿದ್ದರು.

"ವೀಸಾ ಅರ್ಜಿ ಜೊತೆ ಸೋಮವಾರ ವರ್ಸೇಲ್ಸ್, ಮಂಗಳವಾರ ಲೂವ್ರ್ ಅಂತ ಬರೆದು ಸಹಿ ಹಾಕಿ ಕೊಟ್ಟಿದ್ದೀವಿ. ಈಗ ಬದಲಾಯಿಸಿದರೆ ಅದು ತಪ್ಪು ಮಾಹಿತಿ ಆಗುತ್ತಯ್ಯಾ."

"ಅಲ್ಲಿ ಯಾರು ಬಂದು ಕೇಳ್ತಾರೆ, ಭಾವ?"

"ಆಡಿಟ್‌ನವರೂ ಯಾವತ್ತೂ ಕೇಳೋದಿಲ್ಲ. ಕೇಳಿದ ದಿನ ಉತ್ತರ ಇರಬೇಕು."

ಅವರನ್ನು ಪೂರ್ತಿ ದೂರುವಂತೆಯೂ ಇಲ್ಲ. 35ಕ್ಕೆ 45 ಮಿಲಿಮೀಟರಿನ ಭಾವಚಿತ್ರ, ಬ್ಯಾಂಕಿನ ಲೆಕ್ಕಪತ್ರ, ಕನಿಷ್ಠ 30,000 ಯೂರೋಗಳ ವಿಮೆ, ದಿನವಾರು ಕಾರ್ಯಕ್ರಮ ಎಲ್ಲವನ್ನೂ ಜೋಡಿಸಿದವರು ಅವರೇ. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ. ನಮ್ಮಪ್ಪ ಧರ್ಮಸ್ಥಳಕ್ಕೆ ಹೊರಟರೆ ಒಂದು ಕೈಚೀಲ, ಅದರಲ್ಲೊಂದು ಪಂಚೆ. ಬಸ್ಸು ತಪ್ಪಿದರೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಲಗಿ ಬೆಳಗಿನ ಬಸ್ಸು ಹಿಡಿಯುತ್ತಿದ್ದರು. ಅಡುಗೆಮನೆಯ ಗೋಡೆಯಲ್ಲಿ ಐಫೆಲ್ ಗೋಪುರವಿದ್ದ ಹಳೆಯ ಕ್ಯಾಲೆಂಡರನ್ನು ವರ್ಷ ಮುಗಿದರೂ ತೆಗೆಯಲು ಬಿಡದವರೂ ಅವರೇ. ಅವರಿಗೆ ಪಾಸ್‌ಪೋರ್ಟೇ ಇರಲಿಲ್ಲ.

ಇಂದು ಬೆಳಿಗ್ಗೆ ಪರಿಷ್ಕೃತ ಹಾಳೆ ಬಂದಿದೆ, ಏಳನೆಯ ಆವೃತ್ತಿ. ವರ್ಸೇಲ್ಸಿನ ಉದ್ಯಾನ ಸೋಮವಾರವೂ ತೆರೆದಿರುವುದರಿಂದ ಅರಮನೆಯ ಸಾಲಿನಲ್ಲಿ "ಹೊರಗಿನಿಂದ" ಎಂಬ ಒಂದು ಪದ ಸೇರಿದೆ. ಲೂವ್ರ್ ಬುಧವಾರ ರಾತ್ರಿ ಒಂಬತ್ತರವರೆಗೂ ತೆರೆದಿರುವುದರಿಂದ ಒಳಗಿನ ದರ್ಶನ ಅಂದಿಗೆ ಹೋಗಿದೆ. ಅಕ್ಕನ ಊಟ ಅದರ ನಂತರ. ಆದರೆ ಮಂಗಳವಾರವನ್ನು ಭಾವ ಬಿಟ್ಟುಕೊಟ್ಟಿಲ್ಲ. ಲೂವ್ರ್ ಅಂಗಳದ ಗಾಜಿನ ಪಿರಮಿಡ್ಡಿನ ಮುಂದೆ ನಾವು ನಾಲ್ವರೂ ನಿಲ್ಲತಕ್ಕದ್ದು. ಆ ಸಾಲಿನಲ್ಲಿ ಹಸಿರು ಬಣ್ಣದಲ್ಲಿ ಹೀಗಿದೆ: "11:20–11:32: ಮೋನಾಲಿಸಾ ಇರುವ ಕಟ್ಟಡ."