ಮೀಟಿಂಗ್ ಹೆಚ್ಚಿಸಿದರೆ ಸಾಲದು, ತೀರ್ಮಾನ ಯಾರದು ಹೇಳಿ

‘ಎಲ್ಲ ವಿಭಾಗದವರನ್ನೂ ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿದರೆ ಹೊಂದಾಣಿಕೆ ತಾನಾಗೇ ಬರುತ್ತದೆ’ ಅಂತ ಸಾಫ್ಟ್‌ವೇರ್ ಯೋಜನೆ ನಡೆಸುವ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಲ್ಲ, ಅದನ್ನು ಒಪ್ಪಲ್ಲ. ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಸಂಸ್ಥೆಯೊಂದಕ್ಕೆ ಸಾಫ್ಟ್‌ವೇರ್ ಮಾಡುವಾಗ ನಾವೂ ವಾರ ವಾರ ಕೂತಿದ್ದೇವೆ. ವ್ಯಾಪಾರಿಗಳು ದರ ಬರೆದು ಹಾಕಿದ ಟೆಂಡರ್ ತೆರೆದ ಕೂಡಲೇ ರೈತರಿಗೆ ದರದ ಎಸ್ಸೆಮ್ಮೆಸ್ ಹೋಗಲಿ ಅಂತ ಮಾರಾಟದವರು, ರೈತರ ಸಾಲದ ಬಾಕಿ ಕಳೆದು ಲೆಕ್ಕ ಹಾಕಿದ ಮೇಲೇ ಹೋಗಲಿ ಅಂತ ಲೆಕ್ಕದವರು, ಎರಡಕ್ಕೂ ತಲೆಯಾಡಿಸಿ ಬೆಂಗಳೂರಿನ ಡೆವಲಪರ್‌ಗಳು ಕಾಯುತ್ತಾ ಕೂತರು. ಮಾತು ಜಾಸ್ತಿ ಆಯ್ತು, ಕೆಲಸ ನಿಂತಿತು. ಪ್ರತಿ ಕೆಲಸವನ್ನು ಮಾಡುವವರು ಯಾರು, ಹೊಣೆ ಯಾರದು, ಯಾರನ್ನು ಕೇಳಬೇಕು, ಯಾರಿಗೆ ತಿಳಿಸಬೇಕು ಅಂತ ಬರೆದಿಡುವ ಆರ್‌ಎಸಿಐ (RACI) ಪಟ್ಟಿಯಲ್ಲಿ ಒಂದು ಕೆಲಸಕ್ಕೆ ಕೊನೆಯ ಹೊಣೆ ಒಬ್ಬರದೇ ಇರಬೇಕು ಅನ್ನೋದು ಸುಮ್ನೆ ಅಲ್ಲ. ದರದ ವಿಷಯದಲ್ಲಿ ಮಾರಾಟ ವ್ಯವಸ್ಥಾಪಕರ ಮಾತೇ ಅಂತಿಮ ಅಂತ ಬರೆದಿಟ್ಟ ಮೇಲೇ ದಾರಿ ಸಿಕ್ಕಿತು: ದರದ ಸಂದೇಶ ಮೊದಲು, ಕೈಗೆ ಸಿಗುವ ಮೊತ್ತದ್ದು ಆಮೇಲೆ.

ಇನ್ನೊಂದು, ನಿಮ್ಮ ಸ್ಟೇಕ್‌ಹೋಲ್ಡರ್ (ಯೋಜನೆಗೆ ಸಂಬಂಧಪಟ್ಟವರ) ಪಟ್ಟಿಯಲ್ಲಿ ಬರೀ ಮ್ಯಾನೇಜರ್‌ಗಳೇ ಇದ್ದಾರೆ. ಚಾಲಿ, ರಾಶಿ ಅಂತ ಅಡಿಕೆಯ ಬಗೆ ನೋಡಿ ಚೀಲ ಬೇರೆ ಮಾಡಿಸಿ ತೂಕ ಬರೆದುಕೊಳ್ಳುವವರನ್ನು ಯಾರು ಕೇಳಿದರು? ಮಳೆಗಾಲದಲ್ಲಿ ಕರೆಂಟ್, ನೆಟ್ ಎರಡೂ ಹೋದರೆ ತೂಕ ಎಲ್ಲಿ ಹಾಕೋದು ಅಂತ ಕೇಳಿದ್ದು ಅವರೇ. ಆಫ್‌ಲೈನ್ ಎಂಟ್ರಿ ಬೇಕು ಅನ್ನೋದು ಅಲ್ಲಿವರೆಗೆ ಯಾವ ಮೀಟಿಂಗ್‌ನಲ್ಲೂ ಬಂದಿರಲಿಲ್ಲ. ಅಂಥವರನ್ನು ಮೊದಲ ವಾರವೇ ಮಾತಾಡಿಸಬೇಕು ಅಂತ ನೀವು ಬರೆಯಬೇಕಿತ್ತು ಅಲ್ವಾ?